ಫಾಲ್ಕನ್ 4.0

ಫಾಲ್ಕನ್ 4.0 ಎಂಬುದು ಅಮೆರಿಕದ ಮೈಕ್ರೋಪ್ರೋಸ್ ಸಂಸ್ಥೆಯು ಅಭಿವೃದ್ಧಿಪಡಿಸಿ 1998ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಯುದ್ಧವಿಮಾನ ಸಿಮ್ಯುಲೇಟರ್, ಅಂದರೆ ಯುದ್ಧವಿಮಾನದ ಹಾರಾಟವನ್ನು ಗಣಕಯಂತ್ರದಲ್ಲಿ ಅನುಕರಿಸುವ ತಂತ್ರಾಂಶ. ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಗಾಗಿ ರಚಿತವಾದ ಇದರಲ್ಲಿ ಆಟಗಾರನು ಎಫ್-16 ಫೈಟಿಂಗ್ ಫಾಲ್ಕನ್ ವಿಮಾನದ ಚಾಲಕನಾಗಿ ಕೊರಿಯಾ ಪರ್ಯಾಯ ದ್ವೀಪದಲ್ಲಿ ನಡೆಯುವ ಕಾಲ್ಪನಿಕ ಯುದ್ಧದಲ್ಲಿ ಭಾಗವಹಿಸುತ್ತಾನೆ. ಆಟಗಾರನು ಹಾರಲಿ ಬಿಡಲಿ ತನ್ನಷ್ಟಕ್ಕೆ ಮುಂದುವರಿಯುವ 'ಚಲನಶೀಲ ಸಮರ' ವ್ಯವಸ್ಥೆ ಇದರ ಮುಖ್ಯ ವೈಶಿಷ್ಟ್ಯ.

ಬಿಡುಗಡೆಯಾದಾಗ ಈ ತಂತ್ರಾಂಶವು ಅನೇಕ ದೋಷಗಳಿಂದ ಕೂಡಿತ್ತು. ಒಂದು ವರ್ಷದೊಳಗೆ ಅಭಿವೃದ್ಧಿ ಕೇಂದ್ರವೇ ಮುಚ್ಚಿಹೋದುದರಿಂದ ಅಧಿಕೃತ ಸುಧಾರಣೆ ನಿಂತಿತು. 2000ದ ಏಪ್ರಿಲ್‌ನಲ್ಲಿ ಇದರ ಮೂಲಸಂಕೇತವು ಅಂತರಜಾಲದಲ್ಲಿ ಸೋರಿಕೆಯಾಯಿತು. ಆ ನಂತರ ಸ್ವಯಂಸೇವಕರ ಗುಂಪುಗಳು ಇದನ್ನು ದುರಸ್ತಿಗೊಳಿಸಿ ಬೆಳೆಸುತ್ತ ಬಂದವು. ಅವುಗಳಲ್ಲಿ ಬೆಂಚ್‌ಮಾರ್ಕ್ ಸಿಮ್ಸ್ ತಂಡದ ಫಾಲ್ಕನ್ ಬಿಎಂಎಸ್ ಇಂದಿಗೂ ಬಳಕೆಯಲ್ಲಿದೆ. ತಯಾರಕರು ಕೈಬಿಟ್ಟ ತಂತ್ರಾಂಶವೊಂದನ್ನು ಬಳಕೆದಾರರೇ ಎರಡು ದಶಕಗಳಿಗೂ ಹೆಚ್ಚು ಕಾಲ ಉಳಿಸಿಕೊಂಡ ನಿದರ್ಶನವಾಗಿ ಫಾಲ್ಕನ್ 4.0 ಗಣಕ ಆಟಗಳ ಇತಿಹಾಸದಲ್ಲಿ ಉಲ್ಲೇಖನೀಯವಾಗಿದೆ.

## ಹಿನ್ನೆಲೆ

ಫಾಲ್ಕನ್ ಸರಣಿಯ ಮೊದಲ ಆಟವು 1987ರಲ್ಲಿ ಸ್ಪೆಕ್ಟ್ರಂ ಹೋಲೋಬೈಟ್ ಸಂಸ್ಥೆಯಿಂದ ಪ್ರಕಟವಾಯಿತು. ಇದೇ ಸಂಸ್ಥೆಯು ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಟೆಟ್ರಿಸ್ ಆಟವನ್ನು ಅಮೆರಿಕದ ಮಾರುಕಟ್ಟೆಗೆ ಪರಿಚಯಿಸಿತ್ತು. ಫಾಲ್ಕನ್ ಸರಣಿಯ ರೂವಾರಿ ಗಿಲ್ಮನ್ ಲೂಯಿ. ಇವರು 1999ರಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆಗಳಿಗಾಗಿ ಹೊಸ ತಂತ್ರಜ್ಞಾನಗಳಲ್ಲಿ ಬಂಡವಾಳ ಹೂಡುವ ಇನ್-ಕ್ಯೂ-ಟೆಲ್ ಸಂಸ್ಥೆಯ ಮೊದಲ ಮುಖ್ಯಸ್ಥರಾದರು.

1991ರಲ್ಲಿ ಬಿಡುಗಡೆಯಾದ ಫಾಲ್ಕನ್ 3.0 ಆ ಕಾಲದ ಅತ್ಯಂತ ಸಂಕೀರ್ಣ ಸಿಮ್ಯುಲೇಟರ್‌ಗಳಲ್ಲಿ ಒಂದಾಗಿತ್ತು. ಇದಕ್ಕೆ ಪೂರಕವಾಗಿ 1993ರಲ್ಲಿ ಮಿಗ್-29 ಮತ್ತು ಎಫ್/ಎ-18 ಹಾರ್ನೆಟ್ ವಿಮಾನಗಳನ್ನು ಕುರಿತ ಆಟಗಳು ಪ್ರಕಟವಾದವು. ಅದೇ ವರ್ಷ ಸ್ಪೆಕ್ಟ್ರಂ ಹೋಲೋಬೈಟ್ ಹಾಗೂ ಮೈಕ್ರೋಪ್ರೋಸ್ ಸಂಸ್ಥೆಗಳು ವಿಲೀನಗೊಂಡವು. ಮುಂದೆ ಮೈಕ್ರೋಪ್ರೋಸ್ ಹೆಸರೇ ಉಳಿದುಕೊಂಡಿತು.

ನಾಲ್ಕನೆಯ ಆವೃತ್ತಿಯ ಕೆಲಸವು ಕ್ಯಾಲಿಫೋರ್ನಿಯಾ ರಾಜ್ಯದ ಅಲಮೀಡಾ ನಗರದ ಕೇಂದ್ರದಲ್ಲಿ ನಡೆಯಿತು. ಚಲನಶೀಲ ಸಮರ ವ್ಯವಸ್ಥೆಯ ರಚನೆಯಲ್ಲಿ ಕೆವಿನ್ ಕ್ಲೆಮಿಕ್ ಪ್ರಮುಖ ಪಾತ್ರ ವಹಿಸಿದರು. ಎಫ್-16 ವಿಮಾನದ ಮಾಜಿ ಚಾಲಕ ಪೀಟ್ ಬೊನಾನಿ ಸಲಹೆಗಾರರಾಗಿದ್ದರು. ಕೆಲಸವು ನಿರೀಕ್ಷೆಗಿಂತ ಹಲವು ವರ್ಷ ಹೆಚ್ಚು ಹಿಡಿಯಿತು. ಈ ನಡುವೆ, 1998ರಲ್ಲಿ, ಹಾಸ್ಬ್ರೋ ಇಂಟರ್‌ಆಕ್ಟಿವ್ ಸಂಸ್ಥೆಯು ಮೈಕ್ರೋಪ್ರೋಸನ್ನು ಖರೀದಿಸಿತು. ಅದೇ ವರ್ಷದ ಕ್ರಿಸ್‌ಮಸ್ ಮಾರಾಟದ ಹೊತ್ತಿಗೆ ಫಾಲ್ಕನ್ 4.0 ಮಾರುಕಟ್ಟೆಗೆ ಬಂದಿತು. ಆಟದೊಂದಿಗೆ ದಪ್ಪನಾದ ಮುದ್ರಿತ ಕೈಪಿಡಿಯನ್ನು ನೀಡಲಾಗಿತ್ತು.

## ಆಟದ ಸ್ವರೂಪ

ಫಾಲ್ಕನ್ 4.0ರಲ್ಲಿ ತಕ್ಷಣದ ಹೋರಾಟ, ವಿಮಾನಗಳ ಪರಸ್ಪರ ಕಾಳಗ, ಯೋಜಿತ ಕಾರ್ಯಾಚರಣೆ ಹಾಗೂ ಸಮರ ಎಂಬ ವಿಭಾಗಗಳಿವೆ. ತರಬೇತಿ ಹಾರಾಟಗಳು ಯೋಜಿತ ಕಾರ್ಯಾಚರಣೆಯ ವಿಭಾಗದಲ್ಲಿ ಬರುತ್ತವೆ. ಹಾರಾಟವನ್ನು ದಾಖಲಿಸಿ, ನಂತರ ಬೇರೆ ಬೇರೆ ಕೋನಗಳಿಂದ ಮರುವೀಕ್ಷಿಸುವ ಸೌಲಭ್ಯವೂ ಇದೆ. ರಾಡಾರ್, ಹಾರಾಟದ ಭೌತಿಕ ಗುಣ, ಶಸ್ತ್ರಾಸ್ತ್ರಗಳ ಪರಿಣಾಮ ಮೊದಲಾದವುಗಳ ನೈಜತೆಯ ಮಟ್ಟವನ್ನು ಆಟಗಾರನು ಪ್ರತ್ಯೇಕವಾಗಿ ಆಯ್ದುಕೊಳ್ಳಬಹುದು.

### ಚಲನಶೀಲ ಸಮರ

ಹೆಚ್ಚಿನ ಸಿಮ್ಯುಲೇಟರ್‌ಗಳಲ್ಲಿ ಕಾರ್ಯಾಚರಣೆಗಳನ್ನು ಮೊದಲೇ ಬರೆದಿಡಲಾಗಿರುತ್ತದೆ. ಒಂದನ್ನು ಗೆದ್ದರೆ ಮುಂದಿನದು ತೆರೆದುಕೊಳ್ಳುತ್ತದೆ. ಫಾಲ್ಕನ್ 4.0 ಇದಕ್ಕೆ ಹೊರತಾಗಿದೆ. 'ರೋಲಿಂಗ್ ಫೈರ್', 'ಟೈಗರ್ ಸ್ಪಿರಿಟ್' ಮತ್ತು 'ಐರನ್ ಫೋರ್ಟ್ರೆಸ್' ಎಂಬ ಮೂರು ಸಮರಗಳಲ್ಲಿ ಆರಂಭದ ಸ್ಥಿತಿಯನ್ನು ಮಾತ್ರ ನಿಗದಿಪಡಿಸಲಾಗಿದೆ. ಅಲ್ಲಿಂದ ಮುಂದೆ ಭೂಸೇನೆಯ ತುಕಡಿಗಳು ಮುನ್ನುಗ್ಗುವುದು ಅಥವಾ ಹಿಮ್ಮೆಟ್ಟುವುದು, ವಿಮಾನ ದಳಗಳಿಗೆ ಕೆಲಸ ಹಂಚುವುದು, ಇಂಧನ ಮತ್ತು ಮದ್ದುಗುಂಡುಗಳ ಪೂರೈಕೆ, ಹಾನಿಗೊಂಡ ಸೇತುವೆಗಳ ದುರಸ್ತಿ ಇವೆಲ್ಲವನ್ನೂ ತಂತ್ರಾಂಶವೇ ನಿರ್ಧರಿಸುತ್ತದೆ. ಆಟಗಾರನು ಸೇತುವೆಯೊಂದನ್ನು ಉರುಳಿಸಿದರೆ ಆ ದಾರಿಯಲ್ಲಿ ಸಾಗಬೇಕಾದ ಸೇನೆ ತಡೆಯಲ್ಪಡುತ್ತದೆ. ಅವನ ದಳವು ವಿಮಾನಗಳನ್ನು ಕಳೆದುಕೊಂಡರೆ ಮುಂದಿನ ಕಾರ್ಯಾಚರಣೆಗಳಿಗೆ ಅಷ್ಟು ವಿಮಾನಗಳು ಕಡಿಮೆಯಾಗುತ್ತವೆ.

ಸಾವಿರಾರು ಘಟಕಗಳನ್ನು ಏಕಕಾಲದಲ್ಲಿ ಪೂರ್ಣ ವಿವರದೊಂದಿಗೆ ಲೆಕ್ಕ ಹಾಕುವುದು ಅಂದಿನ ಗಣಕಯಂತ್ರಗಳಿಗೆ ಸಾಧ್ಯವಿರಲಿಲ್ಲ. ಇದಕ್ಕಾಗಿ 'ಗುಳ್ಳೆ' ಎಂಬ ಪರಿಹಾರವನ್ನು ಕಂಡುಕೊಳ್ಳಲಾಯಿತು. ಆಟಗಾರನ ವಿಮಾನದ ಸುತ್ತ ಒಂದು ಕಾಲ್ಪನಿಕ ವಲಯವಿರುತ್ತದೆ. ಅದರೊಳಗೆ ಬರುವ ತುಕಡಿಗಳು ಪ್ರತ್ಯೇಕ ಟ್ಯಾಂಕ್‌ಗಳಾಗಿ, ವಿಮಾನಗಳಾಗಿ, ಕ್ಷಿಪಣಿಗಳಾಗಿ ಬಿಡಿಬಿಡಿಯಾಗಿ ರೂಪ ತಾಳುತ್ತವೆ. ಹೊರಗಿರುವ ತುಕಡಿಗಳು ಕೇವಲ ಒಟ್ಟು ಸಂಖ್ಯೆಗಳಾಗಿ ಉಳಿದು, ಅವುಗಳ ನಡುವಿನ ಕಾದಾಟದ ಫಲಿತಾಂಶವು ಸರಳ ಸೂತ್ರಗಳಿಂದ ತೀರ್ಮಾನವಾಗುತ್ತದೆ. ವಿಮಾನವು ಮುಂದೆ ಸಾಗಿದಂತೆ ಗುಳ್ಳೆಯೂ ಸಾಗುತ್ತದೆ.

ಈ ವ್ಯವಸ್ಥೆಯು ಆಟದ ಶಕ್ತಿಯೂ ಹೌದು, ಅದರ ಅನೇಕ ದೋಷಗಳ ಮೂಲವೂ ಹೌದು. ಘಟಕವೊಂದು ಗುಳ್ಳೆಯ ಗಡಿಯನ್ನು ದಾಟುವಾಗ ಅದರ ಒಂದು ರೂಪ ಅಳಿದು ಇನ್ನೊಂದು ರೂಪ ಹುಟ್ಟಬೇಕು. ಹಲವು ಆಟಗಾರರು ಜಾಲದ ಮೂಲಕ ಒಂದೇ ಸಮರದಲ್ಲಿದ್ದಾಗ ಎಲ್ಲರ ಯಂತ್ರಗಳೂ ಈ ಬದಲಾವಣೆಯನ್ನು ಒಂದೇ ರೀತಿಯಲ್ಲಿ ಗ್ರಹಿಸಬೇಕು. ಎಲ್ಲಾದರೂ ಹೊಂದಾಣಿಕೆ ತಪ್ಪಿದರೆ ತಂತ್ರಾಂಶ ಸ್ಥಗಿತಗೊಳ್ಳುವ ಸಾಧ್ಯತೆ ಹೆಚ್ಚು.

## ದೋಷಗಳು ಮತ್ತು ಅಧಿಕೃತ ಬೆಂಬಲದ ಅಂತ್ಯ

ಮೊದಲ ಆವೃತ್ತಿಯಲ್ಲಿ ತಂತ್ರಾಂಶವು ಹಠಾತ್ತನೆ ಮುಚ್ಚಿಕೊಳ್ಳುವುದು ಸಾಮಾನ್ಯವಾಗಿತ್ತು. ಜಾಲದ ಮೂಲಕ ಆಡುವ ವ್ಯವಸ್ಥೆ ಅಸ್ಥಿರವಾಗಿತ್ತು. ಮುಂದಿನ ತಿಂಗಳುಗಳಲ್ಲಿ ಮೈಕ್ರೋಪ್ರೋಸ್ ಸರಣಿಯಾಗಿ ತಿದ್ದುಪಡಿಗಳನ್ನು ಹೊರತಂದಿತು. ಇವುಗಳಿಂದ ಸ್ಥಿತಿ ಬಹಳಷ್ಟು ಸುಧಾರಿಸಿತಾದರೂ ಎಲ್ಲ ದೋಷಗಳೂ ನಿವಾರಣೆಯಾಗಲಿಲ್ಲ.

1999ರ ಡಿಸೆಂಬರ್‌ನಲ್ಲಿ ಹಾಸ್ಬ್ರೋ ಅಲಮೀಡಾ ಕೇಂದ್ರವನ್ನು ಮುಚ್ಚಿತು. ಅದೇ ಸಂದರ್ಭದಲ್ಲಿ ಬಂದ 1.08 ಸಂಖ್ಯೆಯ ತಿದ್ದುಪಡಿಯೇ ಕೊನೆಯ ಅಧಿಕೃತ ಆವೃತ್ತಿಯಾಯಿತು. ತಂತ್ರಾಂಶವನ್ನು ಬಲ್ಲ ಅಭಿವೃದ್ಧಿಗಾರರು ಚದುರಿಹೋದರು. ಹಣ ಕೊಟ್ಟು ಆಟವನ್ನು ಕೊಂಡವರ ಬಳಿ, ಅರೆಬರೆಯಾಗಿ ದುರಸ್ತಿಗೊಂಡ, ಮುಂದೆ ಯಾರೂ ಸರಿಪಡಿಸಲಾರದ ತಂತ್ರಾಂಶವೊಂದು ಉಳಿಯಿತು.

## ಮೂಲಸಂಕೇತದ ಸೋರಿಕೆ

2000ದ ಏಪ್ರಿಲ್ 9ರಂದು 1.07 ಮತ್ತು 1.08 ಆವೃತ್ತಿಗಳ ನಡುವಿನ ಹಂತಕ್ಕೆ ಸೇರಿದ ಮೂಲಸಂಕೇತವು ಅಂತರಜಾಲದಲ್ಲಿ ಕಾಣಿಸಿಕೊಂಡಿತು. ಇದು ಹಕ್ಕುದಾರರ ಅನುಮತಿಯಿಲ್ಲದೆ ನಡೆದ ಸೋರಿಕೆಯಾಗಿತ್ತು. ಆದ್ದರಿಂದ ಫಾಲ್ಕನ್ 4.0ರ ಮೂಲಸಂಕೇತ ಬಹಿರಂಗವಾದರೂ ಅದು ಮುಕ್ತ ತಂತ್ರಾಂಶವಾಗಲಿಲ್ಲ. ಮುಕ್ತ ತಂತ್ರಾಂಶದಲ್ಲಿ ಮೂಲಸಂಕೇತವನ್ನು ಓದುವ, ಬದಲಿಸುವ ಹಾಗೂ ಹಂಚುವ ಹಕ್ಕನ್ನು ಪರವಾನಗಿಯ ಮೂಲಕ ನೀಡಲಾಗುತ್ತದೆ. ಇಲ್ಲಿ ಅಂತಹ ಯಾವ ಪರವಾನಗಿಯೂ ಇರಲಿಲ್ಲ.

ಈ ಭೇದವು ಮುಂದಿನ ಎಲ್ಲ ಬೆಳವಣಿಗೆಯ ಮೇಲೆ ಪರಿಣಾಮ ಬೀರಿತು. ಸ್ವಯಂಸೇವಕರು ದೋಷಗಳನ್ನು ಸರಿಪಡಿಸಬಲ್ಲವರಾಗಿದ್ದರೂ ತಮ್ಮ ಕೆಲಸವನ್ನು ಸ್ವತಂತ್ರ ಆಟವಾಗಿ ಹಂಚುವ ಹಕ್ಕು ಅವರಿಗಿರಲಿಲ್ಲ. ಆದಕಾರಣ ಮೂಲ ಆಟವನ್ನು ಹೊಂದಿರುವವರು ಅದರ ಮೇಲೆ ಅಳವಡಿಸಿಕೊಳ್ಳುವ ತಿದ್ದುಪಡಿಗಳ ರೂಪದಲ್ಲಿ ಸುಧಾರಣೆಗಳು ಹೊರಬಂದವು. ಹಾಸ್ಬ್ರೋ ಇಂಟರ್‌ಆಕ್ಟಿವ್ 2001ರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯ ಪಾಲಾಯಿತು. ಇನ್ಫೋಗ್ರಾಮ್ಸ್ ಮುಂದೆ ಅಟಾರಿ ಎಂಬ ಹೆಸರನ್ನು ತಳೆಯಿತು. ಹಕ್ಕುಗಳು ಹೀಗೆ ಕೈ ಬದಲಾಯಿಸುತ್ತಿದ್ದುದರಿಂದ ಸ್ವಯಂಸೇವಕರ ಕೆಲಸದ ಕಾನೂನು ಸ್ಥಾನಮಾನ ಬಹುಕಾಲ ಅನಿಶ್ಚಿತವಾಗಿಯೇ ಇತ್ತು.

## ಸ್ವಯಂಸೇವಕರ ಸುಧಾರಣೆಗಳು

ಆರಂಭದಲ್ಲಿ ಸುಧಾರಣೆಯ ಪ್ರಯತ್ನಗಳು ಎರಡು ದಿಕ್ಕುಗಳಲ್ಲಿ ಸಾಗಿದವು. ಒಂದು ಗುಂಪು ಮೂಲಸಂಕೇತವನ್ನು ಮುಟ್ಟದೆ, ಆಟದ ದತ್ತಾಂಶ ಕಡತಗಳನ್ನು ಪರಿಷ್ಕರಿಸಿತು. ಕ್ಷಿಪಣಿಗಳ ವ್ಯಾಪ್ತಿ, ರಾಡಾರ್‌ಗಳ ಸಾಮರ್ಥ್ಯ, ವಿಮಾನಗಳ ತೂಕ ಮತ್ತು ಎಳೆತದ ಅಂಕಿಗಳನ್ನು ತಿದ್ದಿದ 'ರಿಯಲಿಸಂ ಪ್ಯಾಚ್' ಈ ಬಗೆಯದು. ಇನ್ನೊಂದು ಗುಂಪು ಕಾರ್ಯಗತಗೊಳಿಸುವ ಕಡತವನ್ನೇ ಬದಲಿಸಿ, ಸ್ಥಗಿತಗೊಳ್ಳುವ ದೋಷಗಳನ್ನು ನಿವಾರಿಸಿತು. ಕ್ರಮೇಣ ಇವೆರಡನ್ನೂ ಒಂದುಗೂಡಿಸಿದ 'ಸೂಪರ್‌ಪ್ಯಾಕ್' ಹಾಗೂ 'ಫ್ರೀಫಾಲ್ಕನ್' ಸರಣಿಗಳು ಪ್ರಚಾರಕ್ಕೆ ಬಂದವು.

2005ರಲ್ಲಿ ಲೀಡ್ ಪರ್ಸ್ಯೂಟ್ ಎಂಬ ಸಂಸ್ಥೆಯು ಅಟಾರಿಯಿಂದ ಪರವಾನಗಿ ಪಡೆದು 'ಫಾಲ್ಕನ್ 4.0: ಅಲೈಡ್ ಫೋರ್ಸ್' ಎಂಬ ಪರಿಷ್ಕೃತ ಆವೃತ್ತಿಯನ್ನು ಮಾರುಕಟ್ಟೆಗೆ ತಂದಿತು. ಸ್ಥಿರತೆಯೇ ಇದರ ಮುಖ್ಯ ಗುಣವಾಗಿತ್ತು. ಕೊರಿಯಾದ ಜೊತೆಗೆ ಬಾಲ್ಕನ್ ಪ್ರದೇಶವನ್ನೂ ಇದರಲ್ಲಿ ಸೇರಿಸಲಾಗಿತ್ತು.

### ಫಾಲ್ಕನ್ ಬಿಎಂಎಸ್

ಬೆಂಚ್‌ಮಾರ್ಕ್ ಸಿಮ್ಸ್ ತಂಡವು 2011ರಲ್ಲಿ ಬಿಡುಗಡೆ ಮಾಡಿದ ಫಾಲ್ಕನ್ ಬಿಎಂಎಸ್ 4.32 ಈ ಇತಿಹಾಸದ ಮಹತ್ವದ ಘಟ್ಟ. ಹಾರಾಟದ ಭೌತಿಕ ಮಾದರಿ, ಕಾಕ್‌ಪಿಟ್ ಉಪಕರಣಗಳು ಹಾಗೂ ಚಿತ್ರಣ ವ್ಯವಸ್ಥೆಯನ್ನು ಬಹುಮಟ್ಟಿಗೆ ಹೊಸದಾಗಿ ರಚಿಸಲಾಗಿತ್ತು. 2015ರಲ್ಲಿ 4.33ನೇ ಆವೃತ್ತಿ ಬಂದಿತು. ನಂತರದ ಆವೃತ್ತಿಗಳಲ್ಲಿ ಚಿತ್ರಣವು ಡೈರೆಕ್ಟ್‌ಎಕ್ಸ್ 9ರಿಂದ ಡೈರೆಕ್ಟ್‌ಎಕ್ಸ್ 11ಕ್ಕೆ ವರ್ಗಾವಣೆಗೊಂಡಿತು. 4.37ನೇ ಆವೃತ್ತಿಯಲ್ಲಿ ವರ್ಚುವಲ್ ರಿಯಾಲಿಟಿ ಕನ್ನಡಕಗಳಿಗೆ ಬೆಂಬಲ ದೊರೆಯಿತು. ಇಸ್ರೇಲ್, ಬಾಲ್ಕನ್, ಏಜಿಯನ್ ಮೊದಲಾದ ಯುದ್ಧಭೂಮಿಗಳನ್ನು ಬೇರೆ ಬೇರೆ ಸ್ವಯಂಸೇವಕರು ಸಿದ್ಧಪಡಿಸಿದ್ದಾರೆ.

ಬಿಎಂಎಸ್ ಉಚಿತವಾಗಿ ದೊರೆಯುತ್ತದೆ. ಆದರೆ ಅದನ್ನು ಅಳವಡಿಸಲು 1998ರ ಮೂಲ ಆಟದ ಪರವಾನಗಿ ಪಡೆದ ಪ್ರತಿ ಇರುವುದು ಕಡ್ಡಾಯ. ಅಟಾರಿಯ ಅಮೆರಿಕದ ಅಂಗಸಂಸ್ಥೆಗಳು 2013ರಲ್ಲಿ ದಿವಾಳಿಯಾದ ಬಳಿಕ ಫಾಲ್ಕನ್ ಹಕ್ಕುಗಳನ್ನು ಟೊಮ್ಮೋ ಎಂಬ ಸಂಸ್ಥೆ ಪಡೆಯಿತು. ಅನಂತರ ಹಳೆಯ ಆಟವು ಸ್ಟೀಮ್ ಮತ್ತು ಜಿಓಜಿ ಜಾಲ ಮಳಿಗೆಗಳಲ್ಲಿ ಮತ್ತೆ ಮಾರಾಟಕ್ಕೆ ಬಂದಿತು. ಇದರಿಂದ ಹಳೆಯ ತಟ್ಟೆಗಳನ್ನು ಹುಡುಕಬೇಕಾದ ಪ್ರಮೇಯ ತಪ್ಪಿತು. 2023ರಲ್ಲಿ, ಪುನರುಜ್ಜೀವನಗೊಂಡ ಮೈಕ್ರೋಪ್ರೋಸ್ ಫಾಲ್ಕನ್ ಸರಣಿಯ ಹಕ್ಕುಗಳನ್ನು ಮರಳಿ ಪಡೆದುದಾಗಿ ಪ್ರಕಟಿಸಿತು.

## ಸಾಮಾನ್ಯ ತೊಂದರೆಗಳು ಮತ್ತು ನಿವಾರಣೆ

ಫಾಲ್ಕನ್ 4.0 ಹಾಗೂ ಅದರಿಂದ ಬೆಳೆದ ಆವೃತ್ತಿಗಳ ಬಳಕೆಯಲ್ಲಿ ಎದುರಾಗುವ ತೊಂದರೆಗಳು ಸ್ಥೂಲವಾಗಿ ಮೂರು ಬಗೆಯವು: ತಂತ್ರಾಂಶದ ದೋಷಗಳು, ಗಣಕಯಂತ್ರ ಮತ್ತು ಉಪಕರಣಗಳ ಹೊಂದಾಣಿಕೆಯ ದೋಷಗಳು, ಹಾಗೂ ವಿಮಾನದ ವ್ಯವಸ್ಥೆಯನ್ನು ಅರಿಯದಿರುವುದರಿಂದ ದೋಷದಂತೆ ತೋರುವ ಸಂಗತಿಗಳು. ಇವುಗಳನ್ನು ಬೇರ್ಪಡಿಸಿ ನೋಡುವುದು ನಿವಾರಣೆಯ ಮೊದಲ ಹೆಜ್ಜೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದೇ ಹಾರಾಟವನ್ನು ಪುನರಾವರ್ತಿಸಿ ಫಲಿತಾಂಶವನ್ನು ಹೋಲಿಸುವ ಕ್ರಮವು ಎಲ್ಲ ಬಗೆಯ ತೊಂದರೆಗಳಿಗೂ ಅನ್ವಯಿಸುತ್ತದೆ. ಹಲವು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

### ಅಳವಡಿಕೆ

ವಿಂಡೋಸ್ ವ್ಯವಸ್ಥೆಯ ರಕ್ಷಿತ ಕಡತಕೋಶಗಳಲ್ಲಿ ತಂತ್ರಾಂಶವನ್ನು ಅಳವಡಿಸಿದರೆ, ಅದು ತನ್ನ ಸಂರಚನಾ ಕಡತಗಳನ್ನು ಬರೆಯಲಾಗದೆ ಆಟಗಾರನ ಆಯ್ಕೆಗಳು ಉಳಿಯದಿರಬಹುದು. ಆದ್ದರಿಂದ ಪ್ರತ್ಯೇಕ ಕಡತಕೋಶದಲ್ಲಿ ಅಳವಡಿಸುವುದು ರೂಢಿ. ವೈರಸ್ ನಿರೋಧಕ ತಂತ್ರಾಂಶಗಳು ಕೆಲವೊಮ್ಮೆ ಕಾರ್ಯಗತಗೊಳಿಸುವ ಕಡತವನ್ನು ತಪ್ಪಾಗಿ ಅಪಾಯಕಾರಿಯೆಂದು ಗುರುತಿಸಿ ತೆಗೆದುಹಾಕುತ್ತವೆ. ಅಂತಹ ಸಂದರ್ಭದಲ್ಲಿ, ಕಡತವು ಅಧಿಕೃತ ಮೂಲದಿಂದ ಬಂದಿದೆಯೆಂದು ಖಚಿತಪಡಿಸಿಕೊಂಡ ನಂತರವೇ ವಿನಾಯಿತಿ ನೀಡಬೇಕು. ತಿದ್ದುಪಡಿಗಳನ್ನು ಸಂಖ್ಯೆಯ ಕ್ರಮದಲ್ಲಿಯೇ ಅಳವಡಿಸಬೇಕು. ಹೊರಗಿನ ಸೇರ್ಪಡೆಗಳನ್ನು ಹಾಕುವ ಮುನ್ನ ಶುದ್ಧ ಸ್ಥಿತಿಯ ಒಂದು ಪ್ರತಿಯನ್ನು ತೆಗೆದಿರಿಸಿದರೆ, ಮುಂದೆ ತೊಂದರೆ ಬಂದಾಗ ದೋಷವು ಮೂಲದಲ್ಲಿದೆಯೇ ಸೇರ್ಪಡೆಯಲ್ಲಿದೆಯೇ ಎಂಬುದನ್ನು ಸುಲಭವಾಗಿ ಪರೀಕ್ಷಿಸಬಹುದು.

### ನಿಯಂತ್ರಣ ಸಾಧನಗಳು

ಎಫ್-16 ವಿಮಾನದ ನಿಯಂತ್ರಣ ಕೋಲು ಚಾಲಕನ ಬಲಬದಿಯಲ್ಲಿದ್ದು, ಬಹುತೇಕ ಅಲುಗುವುದೇ ಇಲ್ಲ. ಕೈಯ ಒತ್ತಡವನ್ನು ಅಳೆದು ಗಣಕಯಂತ್ರಕ್ಕೆ ತಿಳಿಸುತ್ತದೆ. ವಿಮಾನದ ರೆಕ್ಕೆಗಳನ್ನು ನೇರವಾಗಿ ಚಾಲಕನಲ್ಲ, ಆ ಗಣಕಯಂತ್ರವೇ ನಿಯಂತ್ರಿಸುತ್ತದೆ. ಮನೆಗಳಲ್ಲಿ ಬಳಸುವ ಜಾಯ್‌ಸ್ಟಿಕ್‌ಗಳಾದರೋ ಸ್ಪ್ರಿಂಗ್‌ನ ನೆರವಿನಿಂದ ಚಲಿಸುವಂಥವು. ಆದಕಾರಣ ಇವೆರಡರ ಸ್ಪಂದನವನ್ನು ಹೊಂದಿಸುವ ಅಗತ್ಯ ಬೀಳುತ್ತದೆ.

ನಿಯಂತ್ರಣದ ಸಂವೇದನೆ ಅತಿಯಾದರೆ ಏನಾಗಬಹುದೆಂಬುದಕ್ಕೆ ಈ ವಿಮಾನದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. 1974ರ ಜನವರಿ 20ರಂದು ಮೂಲಮಾದರಿಯಾದ ವೈಎಫ್-16ರ ಓಟದ ಪರೀಕ್ಷೆ ನಡೆಯುತ್ತಿದ್ದಾಗ ವಿಮಾನವು ಅಕ್ಕಪಕ್ಕಕ್ಕೆ ತೀವ್ರವಾಗಿ ಹೊಯ್ದಾಡತೊಡಗಿತು. ಚಾಲಕ ಫಿಲ್ ಓಸ್ಟ್ರಿಕರ್ ಅದನ್ನು ನೆಲದ ಮೇಲೆ ಉಳಿಸುವುದಕ್ಕಿಂತ ಮೇಲೇರಿಸುವುದೇ ಸುರಕ್ಷಿತವೆಂದು ನಿರ್ಧರಿಸಿ ಹಾರಿ, ಆರು ನಿಮಿಷಗಳ ಬಳಿಕ ಇಳಿಸಿದರು. ಯೋಜಿತ ಪ್ರಥಮ ಹಾರಾಟ ನಡೆದುದು ಫೆಬ್ರವರಿ 2ರಂದು. ಚಾಲಕನ ತಿದ್ದುವಿಕೆಯೇ ವಿಮಾನದ ಹೊಯ್ದಾಟವನ್ನು ಹೆಚ್ಚಿಸುವ ಈ ಬಗೆಯ ತೊಂದರೆಯು ಸಿಮ್ಯುಲೇಟರ್‌ನಲ್ಲಿ ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವಾಗ ಹಾಗೂ ನಿಕಟ ಜೋಡಿಹಾರಾಟದಲ್ಲಿ ಎದ್ದು ಕಾಣುತ್ತದೆ. ಇದಕ್ಕೆ ಅನುಸರಿಸುವ ಕ್ರಮಗಳು ಹೀಗಿವೆ:

* ಮೊದಲು ವಿಂಡೋಸ್ ವ್ಯವಸ್ಥೆಯಲ್ಲಿ ಜಾಯ್‌ಸ್ಟಿಕ್‌ನ ಅಳತೆಯನ್ನು ಸರಿಪಡಿಸಿ, ನಂತರ ಆಟದ ಒಳಗೆ ಪರಿಶೀಲಿಸುವುದು.
* ಕೋಲನ್ನು ಮುಟ್ಟದಿದ್ದರೂ ವಿಮಾನವು ಒಂದು ಕಡೆಗೆ ವಾಲುತ್ತಿದ್ದರೆ ಮಾತ್ರ ನಿಷ್ಕ್ರಿಯ ವಲಯವನ್ನು ಸ್ವಲ್ಪ ಹೆಚ್ಚಿಸುವುದು. ಈ ವಲಯ ದೊಡ್ಡದಾದಷ್ಟೂ ಸೂಕ್ಷ್ಮ ಚಲನೆ ಕಷ್ಟವಾಗುತ್ತದೆ.
* ಮಧ್ಯಭಾಗದಲ್ಲಿ ಸ್ಪಂದನ ಮಂದವಾಗಿಯೂ ಅಂಚಿನಲ್ಲಿ ಪೂರ್ಣವಾಗಿಯೂ ಇರುವಂತೆ ವಕ್ರರೇಖೆಯನ್ನು ಹೊಂದಿಸುವುದು.
* ಹಾರಾಟದ ನಡುವೆ ಸಾಧನವು ಕಡಿದುಹೋಗುತ್ತಿದ್ದರೆ ವಿಂಡೋಸ್‌ನ ಯುಎಸ್‌ಬಿ ವಿದ್ಯುತ್ ಉಳಿತಾಯದ ಆಯ್ಕೆಯನ್ನು ನಿಲ್ಲಿಸುವುದು ಹಾಗೂ ಸ್ವಂತ ವಿದ್ಯುತ್ ಪೂರೈಕೆಯುಳ್ಳ ಹಬ್ ಬಳಸುವುದು.

ಹಲವು ಸಾಧನಗಳಿರುವಾಗ ಅವುಗಳ ಅನುಕ್ರಮ ಬದಲಾದರೆ ಗುಂಡಿಗಳ ಹಂಚಿಕೆ ಅಸ್ತವ್ಯಸ್ತವಾಗುತ್ತದೆ. ಥ್ರಾಟಲ್‌ನ ಗುಂಡಿ ಒತ್ತಿದರೆ ಚಕ್ರಗಳು ಇಳಿಯುವಂತಹ ವಿಚಿತ್ರ ವರ್ತನೆಗೆ ಬಹುತೇಕ ಇದೇ ಕಾರಣ. ಸಾಧನಗಳನ್ನು ಯಾವಾಗಲೂ ಅದೇ ಕಿಂಡಿಗಳಿಗೆ ಜೋಡಿಸುವುದು ಸರಳ ಪರಿಹಾರ. ಬಿಎಂಎಸ್‌ನಲ್ಲಿ ಸಾಧನಗಳ ಅನುಕ್ರಮವನ್ನು ನಿಗದಿಪಡಿಸುವ ಪಠ್ಯಕಡತವೊಂದಿದ್ದು, ಅದನ್ನು ತಿದ್ದಿಯೂ ಸರಿಪಡಿಸಬಹುದು.

### ಚಿತ್ರಣದ ವೇಗ

ಪರದೆಯ ಚಿತ್ರವು ತಡವರಿಸುತ್ತಿದ್ದರೆ ಅಡಚಣೆಯು ಕೇಂದ್ರ ಸಂಸ್ಕಾರಕದಲ್ಲಿದೆಯೋ ಗ್ರಾಫಿಕ್ಸ್ ಕಾರ್ಡ್‌ನಲ್ಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಪರದೆಯ ರೆಸಲ್ಯೂಶನ್ ತಗ್ಗಿಸಿದಾಗ ವೇಗ ಗಣನೀಯವಾಗಿ ಹೆಚ್ಚಿದರೆ ಅಡಚಣೆ ಗ್ರಾಫಿಕ್ಸ್ ಕಾರ್ಡ್‌ನದು. ಏನೂ ಬದಲಾಗದಿದ್ದರೆ ಅದು ಸಂಸ್ಕಾರಕದ್ದು. ಮೊದಲನೆಯ ಸಂದರ್ಭದಲ್ಲಿ ಅಂಚು ಮೃದುಗೊಳಿಸುವಿಕೆ, ನೆರಳು, ಮೋಡಗಳ ವಿವರ ಮೊದಲಾದವುಗಳನ್ನು ಕಡಿಮೆ ಮಾಡುವುದರಿಂದ ಪ್ರಯೋಜನವಾಗುತ್ತದೆ. ಎರಡನೆಯ ಸಂದರ್ಭದಲ್ಲಿ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಮರದಲ್ಲಿ ಗುಳ್ಳೆಯೊಳಗಿನ ಘಟಕಗಳ ಸಂಖ್ಯೆ ಹೆಚ್ಚಿದಷ್ಟೂ ಸಂಸ್ಕಾರಕದ ಹೊರೆ ಹೆಚ್ಚುತ್ತದೆ. ಖಾಲಿ ಆಕಾಶದಲ್ಲಿ ಸಲೀಸಾಗಿ ನಡೆಯುವ ಆಟವು ಯುದ್ಧರಂಗದ ಮುಂಚೂಣಿಯ ಮೇಲೆ ನಿಧಾನವಾಗುವುದಕ್ಕೆ ಇದೇ ಕಾರಣ. ಆದ್ದರಿಂದ ವೇಗದ ಪರೀಕ್ಷೆಯನ್ನು ತರಬೇತಿ ಹಾರಾಟದಲ್ಲಿ ಮಾಡಿ ಸಮರಕ್ಕೆ ಅನ್ವಯಿಸುವುದು ಸರಿಯಲ್ಲ.

ಸರಾಸರಿ ವೇಗ ಚೆನ್ನಾಗಿದ್ದೂ ಆಗಾಗ್ಗೆ ಚಿತ್ರ ಒಂದು ಕ್ಷಣ ನಿಲ್ಲುತ್ತಿದ್ದರೆ ಹಿನ್ನೆಲೆಯಲ್ಲಿ ನಡೆಯುವ ಇತರ ತಂತ್ರಾಂಶಗಳು, ಪರದೆಯ ಮೇಲೆ ತೇಲುವ ಮಾಹಿತಿ ಫಲಕಗಳು ಅಥವಾ ನಿಧಾನಗತಿಯ ಹಾರ್ಡ್ ಡಿಸ್ಕ್ ಕಾರಣವಾಗಿರಬಹುದು. ಪರದೆಯು ನಿರಂತರವಾಗಿ ತೋರಿಸಬಲ್ಲ ಮಟ್ಟಕ್ಕೆ ಫ್ರೇಮ್ ದರವನ್ನು ಮಿತಿಗೊಳಿಸಿದರೆ, ಏರಿಳಿತ ಕಡಿಮೆಯಾಗಿ ಹಾರಾಟ ನಯವಾಗಿ ತೋರುತ್ತದೆ. ನಿಯಂತ್ರಣದ ದೃಷ್ಟಿಯಿಂದ ಗರಿಷ್ಠ ವೇಗಕ್ಕಿಂತ ಸ್ಥಿರವಾದ ವೇಗವೇ ಮುಖ್ಯ.

### ದೃಷ್ಟಿ ಮತ್ತು ನೋಟ

ವಾಯುಕಾಳಗದಲ್ಲಿ ಎದುರಾಳಿಯನ್ನು ಕಣ್ಣಿನಿಂದ ತಪ್ಪಿಸದಿರುವುದು ಅತ್ಯಗತ್ಯ. ಸಾಮಾನ್ಯ ಪರದೆಯಲ್ಲಿ ಆಟಗಾರನಿಗೆ ಕಾಣುವುದು ಆಕಾಶದ ಒಂದು ಸಣ್ಣ ಭಾಗ ಮಾತ್ರ. ತಲೆಯ ಚಲನೆಯನ್ನು ಗ್ರಹಿಸಿ ನೋಟವನ್ನು ತಿರುಗಿಸುವ ಟ್ರ್ಯಾಕ್‌ಐಆರ್‌ನಂತಹ ಸಾಧನಗಳು ಹಾಗೂ ಉಚಿತವಾಗಿ ದೊರೆಯುವ ಓಪನ್‌ಟ್ರ್ಯಾಕ್ ತಂತ್ರಾಂಶವು ಈ ಕೊರತೆಯನ್ನು ತುಂಬುತ್ತವೆ. ಇವುಗಳಲ್ಲಿ ತಲೆಯ ಸಣ್ಣ ತಿರುವು ಪರದೆಯಲ್ಲಿ ದೊಡ್ಡ ತಿರುವಾಗುವಂತೆ ಹೊಂದಿಸಲಾಗುತ್ತದೆ. ಹೀಗಾಗಿ ಕಣ್ಣು ಪರದೆಯ ಮೇಲೆಯೇ ಇರುತ್ತದೆ. ನೋಟ ಕಂಪಿಸುತ್ತಿದ್ದರೆ ಕೋಣೆಯ ಬೆಳಕು, ವಿಶೇಷವಾಗಿ ಹಿಂಬದಿಯ ಕಿಟಕಿಯಿಂದ ಬರುವ ಬಿಸಿಲು, ಕ್ಯಾಮೆರಾವನ್ನು ಗೊಂದಲಗೊಳಿಸುತ್ತಿದೆಯೇ ಎಂದು ನೋಡಬೇಕು. ನೋಟದ ಕೋನವನ್ನು ವಿಶಾಲಗೊಳಿಸಿದರೆ ಸುತ್ತಲಿನ ಅರಿವು ಹೆಚ್ಚುತ್ತದೆ, ಆದರೆ ದೂರದ ವಿಮಾನಗಳು ಚಿಕ್ಕದಾಗಿ ಕಾಣುತ್ತವೆ.

### ಜಾಲದ ಮೂಲಕ ಆಡುವಿಕೆ

ಹಲವರು ಒಟ್ಟಾಗಿ ಹಾರುವಾಗ ಎಲ್ಲರ ಬಳಿಯೂ ಒಂದೇ ಆವೃತ್ತಿ ಹಾಗೂ ಒಂದೇ ಯುದ್ಧಭೂಮಿ ಇರಬೇಕು. ಆತಿಥೇಯ ಯಂತ್ರದ ರೌಟರ್‌ನಲ್ಲಿ ಆಟಕ್ಕೆ ಬೇಕಾದ ಯುಡಿಪಿ ಪೋರ್ಟ್‌ಗಳು ತೆರೆದಿರಬೇಕು. ಬಿಎಂಎಸ್‌ನಲ್ಲಿ ಇವು 2934 ಮತ್ತು 2935. ಸಂಪರ್ಕದ ವೇಗವನ್ನು ವಾಸ್ತವಕ್ಕಿಂತ ಹೆಚ್ಚಾಗಿ ನಮೂದಿಸುವುದು ಸಾಮಾನ್ಯವಾದ ತಪ್ಪು. ಹಾಗೆ ಮಾಡಿದಾಗ ದತ್ತಾಂಶವು ಜಾಲದಲ್ಲಿ ಕಿಕ್ಕಿರಿದು, ಇತರರ ವಿಮಾನಗಳು ಜಿಗಿಯುತ್ತ ಚಲಿಸುವಂತೆ ಕಾಣುತ್ತವೆ.

### ಸಮರದ ಕಡತಗಳು

ಚಲನಶೀಲ ಸಮರವು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮುಂದುವರಿಯುವುದರಿಂದ ಅದನ್ನು ಉಳಿಸಿದ ಕಡತವು ಹಾಳಾದರೆ ನಷ್ಟ ದೊಡ್ಡದು. ಒಂದೇ ಹೆಸರಿನಲ್ಲಿ ಮತ್ತೆ ಮತ್ತೆ ಉಳಿಸುವ ಬದಲು ಪ್ರತಿ ಕಾರ್ಯಾಚರಣೆಯ ನಂತರ ಬೇರೆ ಹೆಸರಿನಲ್ಲಿ ಉಳಿಸುವುದು ಅನುಭವಿ ಆಟಗಾರರ ರೂಢಿ. ಹಳೆಯ ಆವೃತ್ತಿಯಲ್ಲಿ ಆರಂಭಿಸಿದ ಸಮರವನ್ನು ಹೊಸ ಆವೃತ್ತಿಯಲ್ಲಿ ಮುಂದುವರಿಸುವುದು ಸೂಕ್ತವಲ್ಲ, ಏಕೆಂದರೆ ಘಟಕಗಳ ದತ್ತಾಂಶ ಬದಲಾಗಿರುವ ಸಾಧ್ಯತೆಯಿರುತ್ತದೆ.

### ದೋಷದಂತೆ ತೋರುವ ಸಂಗತಿಗಳು

ನೈಜತೆಯ ಮಟ್ಟ ಹೆಚ್ಚಿದಂತೆ, ತಂತ್ರಾಂಶ ಸರಿಯಾಗಿಯೇ ವರ್ತಿಸುತ್ತಿದ್ದರೂ ಹೊಸ ಆಟಗಾರರಿಗೆ ಅದು ದೋಷವೆಂದು ತೋರುತ್ತದೆ. ಕೆಲವು ಉದಾಹರಣೆಗಳು:

* ಕ್ಷಿಪಣಿ ಹಾರದಿರುವುದು: ಶಸ್ತ್ರಾಸ್ತ್ರಗಳ ಮುಖ್ಯ ಸ್ವಿಚ್ ಸಕ್ರಿಯ ಸ್ಥಿತಿಯಲ್ಲಿ ಇಲ್ಲದಿರುವುದು ಸಾಮಾನ್ಯ ಕಾರಣ. ಲೇಸರ್ ನಿರ್ದೇಶಿತ ಬಾಂಬ್‌ಗಳಿಗೆ ಲೇಸರ್‌ನ ಸ್ವಿಚ್ಚನ್ನೂ ಪ್ರತ್ಯೇಕವಾಗಿ ಹಾಕಬೇಕು.
* ನೆಲದ ಮೇಲೆ ರಾಡಾರ್ ಕೆಲಸ ಮಾಡದಿರುವುದು: ಸುತ್ತಲಿನ ಸಿಬ್ಬಂದಿಯ ಸುರಕ್ಷತೆಗಾಗಿ, ಚಕ್ರಗಳ ಮೇಲೆ ಭಾರವಿರುವವರೆಗೆ ರಾಡಾರ್ ತರಂಗಗಳನ್ನು ಹೊರಸೂಸುವುದಿಲ್ಲ.
* ರಾಡಾರ್‌ನಲ್ಲಿ ಗುರಿ ಮಾಯವಾಗುವುದು: ಡಾಪ್ಲರ್ ತತ್ತ್ವದ ರಾಡಾರ್, ಗುರಿಯು ಸಮೀಪಿಸುವ ಅಥವಾ ದೂರ ಸರಿಯುವ ವೇಗದ ಆಧಾರದಿಂದ ಅದನ್ನು ನೆಲದ ಪ್ರತಿಫಲನದಿಂದ ಬೇರ್ಪಡಿಸುತ್ತದೆ. ಎದುರಾಳಿಯು ಅಡ್ಡಲಾಗಿ ತಿರುಗಿದಾಗ ಈ ವ್ಯತ್ಯಾಸ ಅಳಿದು, ಅವನು ಕ್ಷಣಕಾಲ ಕಾಣದಾಗುತ್ತಾನೆ. ವಾಸ್ತವದಲ್ಲಿಯೂ ಚಾಲಕರು ತಪ್ಪಿಸಿಕೊಳ್ಳಲು ಬಳಸುವ ತಂತ್ರವಿದು.
* ದಿಕ್ಕಿನ ಮಾಹಿತಿ ತಪ್ಪುವುದು: ಜಡತ್ವ ಆಧಾರಿತ ಸಂಚಾರ ವ್ಯವಸ್ಥೆಯು ಹೊಂದಾಣಿಕೆಯಾಗಲು ಕೆಲವು ನಿಮಿಷಗಳು ಬೇಕು. ಅದು ಮುಗಿಯುವ ಮುನ್ನ ವಿಮಾನವನ್ನು ಚಲಿಸಿದರೆ ಹಾರಾಟದುದ್ದಕ್ಕೂ ತಪ್ಪು ಉಳಿಯುತ್ತದೆ.
* ಇಳಿಯುವಾಗ ಬಾಲ ನೆಲಕ್ಕೆ ತಗಲುವುದು: ಇಳಿಯುವಾಗ ವಿಮಾನದ ಆಕ್ರಮಣ ಕೋನವು 11ರಿಂದ 13 ಡಿಗ್ರಿಗಳಷ್ಟಿರಬೇಕು. ಸುಮಾರು 15 ಡಿಗ್ರಿ ಮೀರಿದರೆ ಹಿಂಭಾಗವು ಓಡುದಾರಿಗೆ ಉಜ್ಜುತ್ತದೆ.

ಇಂತಹ ಸಂದರ್ಭಗಳಲ್ಲಿ ಸಂರಚನೆಯನ್ನು ಬದಲಿಸುವ ಮುನ್ನ ಕೈಪಿಡಿಯ ಸಂಬಂಧಿತ ಭಾಗವನ್ನು ಓದುವುದು ಹಾಗೂ ದಾಖಲಿತ ಹಾರಾಟವನ್ನು ಮರುವೀಕ್ಷಿಸುವುದು ಹೆಚ್ಚು ಫಲಕಾರಿ. ಬಿಎಂಎಸ್ ತಂಡವು ತಂತ್ರಾಂಶದೊಂದಿಗೆ ವಿಸ್ತೃತ ಕೈಪಿಡಿಗಳನ್ನೂ ಹಂತಹಂತವಾದ ತರಬೇತಿ ಹಾರಾಟಗಳನ್ನೂ ನೀಡುತ್ತದೆ.

## ಮಹತ್ವ

ಚಲನಶೀಲ ಸಮರದ ವಿಷಯದಲ್ಲಿ ಫಾಲ್ಕನ್ 4.0 ನಂತರದ ಸಿಮ್ಯುಲೇಟರ್‌ಗಳಿಗೆ ಅಳತೆಗೋಲಾಗಿ ಉಳಿದಿದೆ. ಈಗಲ್ ಡೈನಾಮಿಕ್ಸ್ ಸಂಸ್ಥೆಯ ಡಿಸಿಎಸ್ ವರ್ಲ್ಡ್ 2019ರಲ್ಲಿ ತನ್ನದೇ ಆದ ಎಫ್-16 ವಿಮಾನವನ್ನು ಹೊರತಂದಿತು. ದೃಶ್ಯವೈಭವದಲ್ಲಿ ಅದು ಮುಂದಿದ್ದರೂ, ತನ್ನಷ್ಟಕ್ಕೆ ಸಾಗುವ ಯುದ್ಧವನ್ನು ಬಯಸುವವರು ಹಳೆಯ ಫಾಲ್ಕನ್‌ಗೆ ಮರಳುವುದುಂಟು.

ತಂತ್ರಾಂಶಗಳ ಸಂರಕ್ಷಣೆಯ ದೃಷ್ಟಿಯಿಂದಲೂ ಫಾಲ್ಕನ್ 4.0ರ ಇತಿಹಾಸ ಗಮನಾರ್ಹ. ಸಂಸ್ಥೆಯು ಮುಚ್ಚಿದಾಗ ಆಟದ ತಟ್ಟೆಗಳು ಉಳಿದರೂ ಅದನ್ನು ದುರಸ್ತಿಗೊಳಿಸುವ ಜ್ಞಾನವು ಉಳಿಯುವುದಿಲ್ಲ. ಇಲ್ಲಿ ಆ ಜ್ಞಾನವು ಉಳಿದುದು ಕಾನೂನಿನ ಮಿತಿಯನ್ನು ಮೀರಿದ ಒಂದು ಸೋರಿಕೆಯಿಂದ. ಅದು ಬೆಳೆದುದು ಸಂಬಳವಿಲ್ಲದೆ ದುಡಿದವರಿಂದ. ಮೂಲ ಆಟದ ಪ್ರತಿಯನ್ನು ಕಡ್ಡಾಯಗೊಳಿಸಿದ ಕ್ರಮವು ಹಕ್ಕುದಾರರ ಹಿತವನ್ನೂ ಬಳಕೆದಾರರ ಅಗತ್ಯವನ್ನೂ ಒಂದು ಮಟ್ಟಿಗೆ ಹೊಂದಿಸಿತು. ಇದರ ಫಲವಾಗಿ, 1998ರಲ್ಲಿ ಅಪೂರ್ಣ ಸ್ಥಿತಿಯಲ್ಲಿ ಮಾರಾಟವಾದ ತಂತ್ರಾಂಶವು ಮೂಲ ತಯಾರಕರು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬಳಕೆಯಲ್ಲಿ ಉಳಿದಿದೆ.

## ಇವನ್ನೂ ನೋಡಿ

* ಎಫ್-16 ಫೈಟಿಂಗ್ ಫಾಲ್ಕನ್
* ಹಾರಾಟ ಸಿಮ್ಯುಲೇಟರ್
* ಮುಕ್ತ ತಂತ್ರಾಂಶ
* ಡಾಪ್ಲರ್ ಪರಿಣಾಮ
* ವರ್ಚುವಲ್ ರಿಯಾಲಿಟಿ